ಕತ್ತಲಲ್ಲೂ ಪಂಕ್ತಿಭೇದ: ಬ್ಲ್ಯಾಕ್ ಮೆಟಲ್‌ನ ಕೂಡಾಟಗಳು, ಅಭಿಮಾನಿಗಳ ಮಡಿ

2004ರಲ್ಲಿ ನಾರ್ವೆಯ ಸಟೀರಿಕಾನ್ ಎಂಬ ಬ್ಲ್ಯಾಕ್ ಮೆಟಲ್ (ಹೆವಿ ಮೆಟಲ್ ರಾಕ್‌ನ ಅತಿ ಕರಾಳ, ಅತಿವೇಗದ ಕವಲು) ತಂಡ ಅಮೆರಿಕ ಪ್ರವಾಸಕ್ಕೆ ಹೊರಟಾಗ ಅದರ ಡ್ರಮ್ ವಾದಕನಿಗೆ ಆ ದೇಶದ ಬಾಗಿಲು ತೆರೆಯಲಿಲ್ಲ. ಫ್ರಾಸ್ಟ್ ಎಂಬ ವೇದಿಕೆ ಹೆಸರಿನ ಆತನ ಮೇಲೆ ಹಳೆಯ ಶಿಕ್ಷೆಯೊಂದರ ದಾಖಲೆ ಇತ್ತು. ಡ್ರಮ್ ಇಲ್ಲದೆ ಬ್ಲ್ಯಾಕ್ ಮೆಟಲ್ ತಂಡ ವೇದಿಕೆ ಏರುವುದೆಂದರೆ ಚೆಂಡೆಯಿಲ್ಲದೆ ಯಕ್ಷಗಾನ ಆಡಿದಂತೆ. ಕೊನೆಗೆ ಆ ಪೀಠದ ಮೇಲೆ ಬಂದು ಕುಳಿತವರು ಜೋಯಿ ಜಾರ್ಡಿಸನ್. ಅವರು ಅಮೆರಿಕದ ಸ್ಲಿಪ್‌ನಾಟ್ ತಂಡದವರು. ಮುಖವಾಡ ಧರಿಸಿ, ಲಕ್ಷಗಟ್ಟಲೆ ಆಲ್ಬಮ್ ಮಾರಿ, ಹದಿಹರೆಯದವರ ಟಿ-ಶರ್ಟ್‌ಗಳ ಮೇಲೆಲ್ಲ ರಾರಾಜಿಸುತ್ತಿದ್ದ ತಂಡ ಅದು.

ಜಾರ್ಡಿಸನ್ ನುಡಿಸಾಣಿಕೆಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ಬ್ಲ್ಯಾಕ್ ಮೆಟಲ್‌ನ ನಿಷ್ಠಾವಂತ ಕೇಳುಗನೊಬ್ಬನಿಗೆ ಇದು ಶ್ರಾದ್ಧದ ಅಡುಗೆಗೆ ಗೋಬಿ ಮಂಚೂರಿ ಗಾಡಿಯವನನ್ನು ಕರೆಸಿದ ಹಾಗಿತ್ತು. ಕೈರುಚಿ ಎಷ್ಟೇ ಚೆನ್ನಾಗಿರಲಿ, ಮಡಿ ಕೆಟ್ಟಿತಲ್ಲ ಎಂಬುದೇ ಚಿಂತೆ.

ದೇವರನ್ನೂ ಧರ್ಮವನ್ನೂ ಧಿಕ್ಕರಿಸಿ ಹುಟ್ಟಿದ ಸಂಗೀತದ ಸುತ್ತ ಇಷ್ಟೊಂದು ಮಡಿ-ಮೈಲಿಗೆ ಬೆಳೆದದ್ದು ಹೇಗೆ? ಅದನ್ನು ಅರಿಯಲು ‘ಸೂಪರ್‌ಗ್ರೂಪ್’ಗಳ ದಾರಿ ಹಿಡಿಯುವುದೇ ಸುಲಭ. ಬೇರೆ ಬೇರೆ ತಂಡಗಳ ಹೆಸರುವಾಸಿ ಕಲಾವಿದರು ಕೂಡಿ ಕಟ್ಟುವ ತಂಡವನ್ನು ರಾಕ್ ಸಂಗೀತದಲ್ಲಿ ಹಾಗೆನ್ನುತ್ತಾರೆ. ಎರಿಕ್ ಕ್ಲಾಪ್ಟನ್, ಜ್ಯಾಕ್ ಬ್ರೂಸ್, ಜಿಂಜರ್ ಬೇಕರ್ ಮೂವರೂ ಸೇರಿ 1966ರಲ್ಲಿ ಕಟ್ಟಿದ ಕ್ರೀಮ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಬೇರೆ ಬೇರೆ ಮೇಳಗಳ ಕಲಾವಿದರು ಒಂದೇ ರಂಗಸ್ಥಳದಲ್ಲಿ ಸೇರಿ ಆಡುವ ಕೂಡಾಟ ಅವರಿಗೆ ಗೊತ್ತು. ಅಲ್ಲಿ ಜನ ಸೇರುವುದು ಪ್ರಸಂಗ ನೋಡಲು ಎಷ್ಟೋ, ಇಂಥವರ ಎದುರು ಇಂಥವರು ಎಂಬ ಕುತೂಹಲಕ್ಕೂ ಅಷ್ಟೇ. ಬ್ಲ್ಯಾಕ್ ಮೆಟಲ್‌ನಲ್ಲಿ ತೊಡಕು ಏಳುವುದು ಆ ಕುತೂಹಲದಲ್ಲೇ. ಮುಖಕ್ಕೆ ಹೆಣದ ಬಣ್ಣ ಬಳಿದುಕೊಂಡು, ಹುಟ್ಟುಹೆಸರನ್ನು ಬಿಟ್ಟು, ಜನಪ್ರಿಯತೆಯನ್ನು ಹೇಸಿಗೆಯೆಂದು ಸಾರಿದ ಸಂಗೀತದಲ್ಲಿ ‘ತಾರೆ’ ಎಂಬವರು ಇರಲಾದರೂ ಹೇಗೆ ಸಾಧ್ಯ?

ಮೊದಲು ಸಂಗೀತದ ಬಗ್ಗೆ ಎರಡು ಮಾತು. ಬ್ಲ್ಯಾಕ್ ಮೆಟಲ್ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೆನಮ್ ತಂಡ 1982ರಲ್ಲಿ ಹೊರತಂದ ಆಲ್ಬಮ್‌ನಿಂದ. ವೆನಮ್‌ಗೆ ಸೈತಾನ ಒಂದು ರಂಗಸಜ್ಜಿಕೆ, ಅಷ್ಟೆ. ಸ್ವೀಡನ್ನಿನ ಬಾಥೊರಿ, ಸ್ವಿಟ್ಜರ್ಲೆಂಡಿನ ಹೆಲ್‌ಹ್ಯಾಮರ್, ಬ್ರೆಜಿಲ್‌ನ ಸಾರ್ಕೋಫಾಗೊ ಇದಕ್ಕೆ ಇನ್ನಷ್ಟು ಕಪ್ಪು ಬಳಿದವು. ತೊಂಬತ್ತರ ದಶಕದ ಆರಂಭದಲ್ಲಿ ನಾರ್ವೆಯ ಇಪ್ಪತ್ತರ ಆಸುಪಾಸಿನ ಹುಡುಗರ ಗುಂಪೊಂದು ಈ ರಂಗಸಜ್ಜಿಕೆಯನ್ನು ನಿಜವೆಂದೇ ನಂಬಿತು, ಅಥವಾ ನಂಬಿದಂತೆ ಬದುಕಲು ಹೊರಟಿತು. ಅವರ ಗಿಟಾರ್‌ನಲ್ಲಿ ಒಂದೊಂದು ಸ್ವರವನ್ನೂ ತಂತಿಯ ಮೇಲೆ ಮೇಲೆ-ಕೆಳಗೆ ಅತಿವೇಗದಲ್ಲಿ ಮೀಟಿ ಉದ್ದಕ್ಕೆ ಎಳೆಯಲಾಗುತ್ತದೆ. ಅದರಡಿ ಡ್ರಮ್ ಬಿಡುವಿಲ್ಲದೆ ಸುರಿಯುತ್ತದೆ. ಮಲೆನಾಡಿನ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುವಾಗ ಒಂದೊಂದು ಹನಿಯ ಸದ್ದು ಬೇರೆಯಾಗಿ ಕೇಳುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಗದ್ದಲವೇ ಒಂದು ಬಗೆಯ ಮೌನವಾಗುತ್ತದೆ. ಒಳ್ಳೆಯ ಬ್ಲ್ಯಾಕ್ ಮೆಟಲ್ ಕೇಳುವ ಅನುಭವ ಅದಕ್ಕೆ ಹತ್ತಿರ. ಮೊದಲ ಬಾರಿ ಕೇಳಿದವರಿಗೆ ಬರೀ ಮಿಕ್ಸಿ ತಿರುಗಿದ ಸದ್ದು ಕೇಳಿಸಿದರೆ ಅವರನ್ನು ದೂರಲಾಗದು.

ಆ ಮಳೆಯಂಥ ಡ್ರಮ್ ವಾದನದಿಂದಲೇ ಕೂಡಾಟಗಳ ಕಥೆ ಶುರುವಾಗುವುದು. ಕೈಕಾಲು ನಾಲ್ಕನ್ನೂ ಆ ವೇಗದಲ್ಲಿ ಗಂಟೆಗಟ್ಟಲೆ ದುಡಿಸಬಲ್ಲವರು ಯಾವ ಊರಲ್ಲೂ ಬೆರಳೆಣಿಕೆಯಷ್ಟು ಮಂದಿ. ಆಗ ನಾರ್ವೆಯ ಒಟ್ಟು ಜನಸಂಖ್ಯೆ ಸುಮಾರು 43 ಲಕ್ಷ. 1991ರ ಜನಗಣತಿಯಲ್ಲಿ ಬೆಂಗಳೂರಿನಲ್ಲೇ 41 ಲಕ್ಷ ಜನರಿದ್ದರು. ಅಷ್ಟು ಜನರಲ್ಲಿ ಈ ಸಂಗೀತ ನುಡಿಸುವವರು ನೂರಿನ್ನೂರಿರಬಹುದು, ಅವರಲ್ಲಿ ಸಮರ್ಥ ಡ್ರಮ್ ವಾದಕರು ಎಷ್ಟಿದ್ದಾರು? ಹೀಗಾಗಿ ಹೆಲ್‌ಹ್ಯಾಮರ್ ಎಂಬ ಹೆಸರಿನ ಒಬ್ಬನೇ ವಾದಕ (ಸ್ವಿಟ್ಜರ್ಲೆಂಡಿನ ತಂಡದ ಹೆಸರನ್ನೇ ಇಟ್ಟುಕೊಂಡವನು) ಮೇಹೆಮ್‌ನಲ್ಲೂ ಆರ್ಕ್ಟುರಸ್‌ನಲ್ಲೂ ಮುಂದೆ ಡಿಮ್ಮು ಬೊರ್ಗಿರ್‌ನಲ್ಲೂ ನುಡಿಸಿದ. ಫ್ರಾಸ್ಟ್ ಸಟೀರಿಕಾನ್‌ನಲ್ಲಿದ್ದುಕೊಂಡೇ ಗೊರ್ಗೊರೊತ್‌ನ ಆಲ್ಬಮ್‌ಗೆ ನುಡಿಸಿ, 1349 ಎಂಬ ತಂಡಕ್ಕೂ ದುಡಿದ. ಕೊರತೆಗೆ ಜೈಲೂ ಕಾರಣವಾಯಿತು. ಎಂಪರರ್ ತಂಡದ ಫೌಸ್ಟ್ ಲಿಲೆಹ್ಯಾಮರ್‌ನಲ್ಲಿ ಒಬ್ಬ ಸಲಿಂಗಿಯನ್ನು ಕೊಂದು 14 ವರ್ಷದ ಶಿಕ್ಷೆಗೆ ಗುರಿಯಾದ ಮೇಲೆ ಆ ಜಾಗವನ್ನು ತುಂಬಿದ್ದು ಎನ್‌ಸ್ಲೇವ್ಡ್ ತಂಡದಿಂದ ಬಂದ ಟ್ರಿಮ್. ಅದೇ ಎಂಪರರ್‌ನ ಸಮೋಥ್ ಚರ್ಚಿಗೆ ಬೆಂಕಿಯಿಟ್ಟ ಪ್ರಕರಣದಲ್ಲಿ ಒಳಗೆ ಹೋದ. ಊರಿನ ಭಜನಾ ಮಂಡಳಿಯಲ್ಲಿ ತಬಲಾ ಬಾರಿಸುವವನು ಒಬ್ಬನೇ ಇದ್ದರೆ ಮೂರು ಗುಡಿಗಳಿಗೂ ಅವನೇ ಹೋಗಬೇಕು. ಇದೂ ಹಾಗೆಯೇ ಆದದ್ದು.

ಈ ಕೂಡುವಿಕೆಯ ಅತ್ಯಂತ ಭಯಾನಕ ಫಲ ಮೇಹೆಮ್ ತಂಡದ 1994ರ ಆಲ್ಬಮ್. ಲ್ಯಾಟಿನ್ ಮಾದರಿಯ ಅದರ ಹೆಸರು ‘ದೆ ಮಿಸ್ಟೀರಿಯಿಸ್ ದೊಮ್ ಸಥಾನಸ್’. ಅದರ ಬಹುತೇಕ ಸಾಹಿತ್ಯ ಬರೆದ ಗಾಯಕ ‘ಡೆಡ್’ 1991ರ ಏಪ್ರಿಲ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ಹಾಡಲು ಹಂಗೇರಿಯಿಂದ ಟಾರ್ಮೆಂಟರ್ ತಂಡದ ಅಟಿಲಾ ಚಿಹಾರ್ ಬಂದರು. ಗಿಟಾರ್ ಯೂರೋನಿಮಸ್ ಎಂಬ ಹೆಸರಿನ ಓಯ್‌ಸ್ಟೈನ್ ಆರ್ಸೆತ್‌ನದು. ಕೆಲವು ಗಿಟಾರ್ ಭಾಗಗಳು ಥಾರ್ನ್ಸ್ ತಂಡದ ಸ್ನೊರೆ ರೂಕ್‌ನವು. ಬಾಸ್ ಗಿಟಾರ್ ನುಡಿಸಿದವನು ಬುರ್ಜುಮ್ ಎಂಬ ಏಕವ್ಯಕ್ತಿ ತಂಡದ ವರ್ಗ್ ವೀಕರ್ನೆಸ್. ಆಲ್ಬಮ್ ಇನ್ನೂ ಬಿಡುಗಡೆಯಾಗುವ ಮೊದಲೇ, 1993ರ ಆಗಸ್ಟ್ 10ರಂದು, ಓಸ್ಲೋದ ಮನೆಯಲ್ಲಿ ವೀಕರ್ನೆಸ್ ಯೂರೋನಿಮಸ್‌ನನ್ನು ಇರಿದು ಕೊಂದ. ಅಂದು ಅವನ ಜೊತೆ ಬಂದಿದ್ದ ಸ್ನೊರೆಗೆ 8 ವರ್ಷ, ಕೊಂದವನಿಗೆ 21 ವರ್ಷ ಶಿಕ್ಷೆಯಾಯಿತು. ಬಾಸ್ ಭಾಗವನ್ನು ತೆಗೆದುಹಾಕಬೇಕೆಂದು ಸತ್ತವನ ಮನೆಯವರು ಕೇಳಿಕೊಂಡರು. ಹೆಲ್‌ಹ್ಯಾಮರ್ ಅದನ್ನು ತೆಗೆಯಲಿಲ್ಲ. ಕೊಂದವನೂ ಕೊಲೆಯಾದವನೂ ಇಂದಿಗೂ ಆ ಎಂಟು ಹಾಡುಗಳಲ್ಲಿ ಜೊತೆಯಾಗಿ ನುಡಿಸುತ್ತಿದ್ದಾರೆ.

ನಾಲ್ಕು ತಂಡಗಳ ಜನ ಒಂದಾದ ಈ ಆಲ್ಬಮ್ಮನ್ನು ಸೂಪರ್‌ಗ್ರೂಪ್‌ನ ಕೆಲಸವೆಂದು ಯಾರೂ ಕರೆಯುವುದಿಲ್ಲ ಎಂಬುದನ್ನು ಇಲ್ಲೇ ಗುರುತು ಹಾಕಿಕೊಳ್ಳಿ.

ಮರುವರ್ಷ, ಅಂದರೆ 1995ರಲ್ಲಿ, ಕೂಡಾಟಗಳ ಸುಗ್ಗಿಯೇ ಬಂತು. ಡಾರ್ಕ್‌ಥ್ರೋನ್‌ನ ಫೆನ್ರಿಜ್, ಸಟೀರಿಕಾನ್‌ನ ಸಟೀರ್, ಗಾಯಕಿ ಕಾರಿ ರೂಸ್ಲೋಟನ್ ಸೇರಿ ‘ಸ್ಟಾರ್ಮ್’ ಎಂಬ ತಂಡ ಕಟ್ಟಿ ನಾರ್ವೆಯ ಜನಪದ ಹಾಡುಗಳನ್ನು ಗಿಟಾರ್ ಮೇಲೆ ಹಾಡಿದರು. ಸಟೀರ್ ಇನ್ನೊಂದೆಡೆ ಎಂಪರರ್‌ನ ಇಹ್ಸಾನ್ ಜೊತೆ ಮಧ್ಯಯುಗದ ಛಾಯೆಯ ‘ವೊಂಗ್ರಾವೆನ್’ ಮಾಡಿದ. ಸಮೋಥ್, ಇಹ್ಸಾನ್, ಫ್ರಾಸ್ಟ್ ಮತ್ತು ಡೋಡ್‌ಹೈಮ್ಸ್‌ಗಾರ್ಡ್‌ನ ಆಲ್ದ್ರಾನ್ ಸೇರಿ ‘ಝೈಕ್ಲಾನ್-ಬಿ’ ಎಂಬ ತಂಡವಾಗಿ ಒಂದೇ ಒಂದು ಕಿರು ಆಲ್ಬಮ್ ತಂದು ಚದುರಿದರು. ನಾತ್ಸಿಗಳು ಗ್ಯಾಸ್ ಕೋಣೆಗಳಲ್ಲಿ ಬಳಸಿದ ವಿಷದ ಹೆಸರನ್ನು ತಂಡಕ್ಕೆ ಇಡುವುದು ಆ ವಯಸ್ಸಿನ ಅವರಿಗೆ ಧೈರ್ಯವೆನಿಸಿತ್ತು. ಅದರ ಬಗ್ಗೆ ಮುಂದೆ ಬರುತ್ತೇನೆ. ಬೆರ್ಗೆನ್‌ನಲ್ಲಿ ಓಯ್‌ಸ್ಟೈನ್ ಬ್ರೂನ್ ಎಂಬ ಗಿಟಾರ್ ವಾದಕ ‘ಬೊರ್ಕ್ನಗರ್’ ತಂಡ ಕಟ್ಟಲು ಹೊರಟಾಗ ಉಲ್ವರ್‌ನಿಂದ ಗಾರ್ಮ್, ಗೊರ್ಗೊರೊತ್‌ನಿಂದ ಇನ್ಫರ್ನಸ್, ಎನ್‌ಸ್ಲೇವ್ಡ್‌ನಿಂದ ಈವಾರ್ ಬ್ಯೋರ್ನ್ಸನ್, ಇಮ್ಮಾರ್ಟಲ್‌ನಲ್ಲಿದ್ದ ಡ್ರಮ್ ವಾದಕ ಗ್ರಿಮ್ ಬಂದು ಸೇರಿದರು. ಒಂದು ಡೆಮೊ ಕ್ಯಾಸೆಟ್ ಕೂಡ ಇಲ್ಲದೆ, ಈ ಹೆಸರುಗಳ ಬಲದ ಮೇಲೆಯೇ ಅವರಿಗೆ ರೆಕಾರ್ಡ್ ಕಂಪನಿಯ ಒಪ್ಪಂದ ಸಿಕ್ಕಿತು. ಹಾಡು ಕೇಳುವ ಮುನ್ನವೇ ಹೆಸರು ಮಾರಾಟವಾದದ್ದು ಇಲ್ಲಿ. ತಾರೆಗಳನ್ನು ಹೇಸುವ ಸಂಗೀತ ಹುಟ್ಟಿ ನಾಲ್ಕೈದು ವರ್ಷ ಆಗಿತ್ತಷ್ಟೆ.

ಇನ್ನು ಮಡಿಯ ಕಥೆ. ಓಸ್ಲೋದಲ್ಲಿ ಯೂರೋನಿಮಸ್ 1991ರಲ್ಲಿ ತೆರೆದ ‘ಹೆಲ್ವೆತೆ’ (ಎಂದರೆ ನರಕ) ಎಂಬ ರೆಕಾರ್ಡ್ ಅಂಗಡಿ ಎರಡು ವರ್ಷವೂ ನಡೆದಿರಲಿಕ್ಕಿಲ್ಲ. ಆದರೂ ಮಡಿಯ ಕಟ್ಟುಪಾಡುಗಳೆಲ್ಲ ಹೊರಟದ್ದು ಆ ಗಲ್ಲಾಪೆಟ್ಟಿಗೆಯ ಹಿಂದಿನಿಂದ. ಆಗ ಎಲ್ಲೆಡೆ ಅಮೆರಿಕ ಶೈಲಿಯ ಡೆತ್ ಮೆಟಲ್ (ಬ್ಲ್ಯಾಕ್ ಮೆಟಲ್‌ನ ದಾಯಾದಿ ಪ್ರಕಾರ) ಮಾರಾಟವಾಗುತ್ತಿತ್ತು. ಅದರ ಕಲಾವಿದರು ಜೀನ್ಸ್ ತೊಟ್ಟು, ವೇದಿಕೆಯ ಮೇಲೆ ನಗುತ್ತಿದ್ದರು. ಯೂರೋನಿಮಸ್‌ಗೆ ಆ ನಗುವೇ ಆಗಿಬರಲಿಲ್ಲ. ಅವನ ರೆಕಾರ್ಡ್ ಕಂಪನಿಯ ಲಾಂಛನದ ಸುತ್ತ ಕುಣಿತ ಬೇಡ, ಮೋಜು ಬೇಡ, ಟ್ರೆಂಡ್ ಬೇಡ ಎಂಬರ್ಥದ ಘೋಷಣೆ ಇತ್ತು. ಯಾರು ‘ಟ್ರೂ’, ಯಾರು ‘ಪೋಸರ್’ ಎಂಬ ತೀರ್ಪನ್ನು ಅಂಗಡಿಯ ಮಾಲೀಕನೇ ಕೊಡುತ್ತಿದ್ದ. ಪೋಸರ್ ಎಂದರೆ ವೇಷ ಮಾತ್ರ ತೊಟ್ಟವನು. ಬಿಳಿ ಬಣ್ಣ, ಕಬ್ಬಿಣದ ಮೊಳೆ, ಸುಳ್ಳು ಹೆಸರು ಧರಿಸಿ ನಿಂತವರು ಇನ್ನೊಬ್ಬರನ್ನು ವೇಷಧಾರಿ ಎಂದು ಜರೆಯುವುದರ ತಮಾಷೆ ಅಲ್ಲಿದ್ದ ಯಾರಿಗೂ ಹೊಳೆದಂತಿಲ್ಲ.

ಹತ್ತಿರ ಹೋಗಿ ನೋಡಿದರೆ ಮೂಲಪುರುಷರ ಮನೆಯಲ್ಲೇ ಮಡಿ ಇರಲಿಲ್ಲ. ಒರಟು, ಕೊಳಕು ಧ್ವನಿಮುದ್ರಣವೇ ಶುದ್ಧಿಯ ಗುರುತು ಎನ್ನುತ್ತಾರೆ. ಆದರೆ ಮೇಹೆಮ್, ಎಂಪರರ್, ಬುರ್ಜುಮ್, ಇಮ್ಮಾರ್ಟಲ್ ತಂಡಗಳ ಪ್ರಸಿದ್ಧ ಆಲ್ಬಮ್‌ಗಳು ಮುದ್ರಣಗೊಂಡದ್ದು ಬೆರ್ಗೆನ್‌ನ ಗ್ರೀಗ್‌ಹಾಲೆನ್‌ನಲ್ಲಿ. ಸಂಗೀತಗಾರ ಎಡ್ವರ್ಡ್ ಗ್ರೀಗ್ ಹೆಸರಿನ, ಊರಿನ ಪ್ರತಿಷ್ಠಿತ ಸಂಗೀತ ಭವನ ಅದು. ಧ್ವನಿಮುದ್ರಕ ‘ಪುಟನ್’ ಈ ಹುಡುಗರಿಗಾಗಿ ತಾಳ್ಮೆಯಿಂದ ಕೆಲಸ ಮಾಡಿದರು. ಬುರ್ಜುಮ್, ಗೊರ್ಗೊರೊತ್ ಎಂಬ ಹೆಸರುಗಳು ಟೋಲ್ಕಿನ್ ಕಟ್ಟಿದ ಕಾಲ್ಪನಿಕ ಲೋಕದವು. ಚರ್ಚ್ ಸುಟ್ಟವರು ಹೆಸರಿಗಾಗಿ ಕೈಚಾಚಿದ್ದು ಇಂಗ್ಲೆಂಡಿನ ಅಪ್ಪಟ ಕ್ಯಾಥೋಲಿಕ್ ಪ್ರಾಧ್ಯಾಪಕರ ಮುಂದೆ. ಹೆಣದ ಬಣ್ಣಕ್ಕೆ ಬ್ರೆಜಿಲ್‌ನ ಹುಡುಗರ ಋಣವಿದೆ. ಡಾರ್ಕ್‌ಥ್ರೋನ್ ತನ್ನ ಮೊದಲ ಆಲ್ಬಮ್‌ನಲ್ಲಿ ನುಡಿಸಿದ್ದು ಡೆತ್ ಮೆಟಲನ್ನೇ.

ಕೊಳಕು ಸದ್ದಿನ ಹಿಂದೆ ನಿಜವಾದ ಕಲಾ ವಿಚಾರವೂ ಇತ್ತು, ಅದನ್ನು ನಕ್ಕು ಬಿಡಬಾರದು. ಡಾರ್ಕ್‌ಥ್ರೋನ್‌ನ ‘ಟ್ರಾನ್ಸಿಲ್ವೇನಿಯನ್ ಹಂಗರ್’ (1994) ಫೆನ್ರಿಜ್ ತನ್ನ ಬಳಿಯಿದ್ದ ನಾಲ್ಕು ಟ್ರ್ಯಾಕ್‌ನ ಪುಟ್ಟ ಯಂತ್ರದಲ್ಲಿ ಮುದ್ರಿಸಿಕೊಂಡದ್ದು. ಬುರ್ಜುಮ್‌ನ ಒಂದು ಆಲ್ಬಮ್‌ಗೆ ಸ್ಟುಡಿಯೊದಲ್ಲಿದ್ದ ಅತ್ಯಂತ ಕೆಟ್ಟ ಮೈಕ್ ಬೇಕೆಂದು ಕೇಳಿ ಹೆಡ್‌ಸೆಟ್ ಮೈಕ್‌ನಲ್ಲಿ ಹಾಡಲಾಯಿತು. ಡೆತ್ ಮೆಟಲ್ ಮುದ್ರಣಗಳು ಷೋರೂಮಿನ ಕಾರಿನಂತೆ ಹೊಳೆಯುತ್ತಿದ್ದ ಕಾಲದಲ್ಲಿ ಇವರು ಬೇಕೆಂದೇ ತುಕ್ಕು ಹಿಡಿಸಿದರು. ಆ ತುಕ್ಕಿನಿಂದ ದೂರದ ಬೆಟ್ಟದ ಮೇಲೆ ಗಾಳಿಯಲ್ಲಿ ಯಾರೋ ಕೂಗಿದಂಥ ಪರಿಣಾಮ ಹುಟ್ಟಿತು. ಇಂದಿಗೂ ಅದು ನನ್ನನ್ನು ಕಾಡುತ್ತದೆ. ತೊಡಕಾದದ್ದು ಆಮೇಲೆ, ಕಲಾವಿದನ ಆಯ್ಕೆ ಅಭಿಮಾನಿಯ ಕೈಗೆ ಬಂದು ಶಾಸ್ತ್ರವಾದಾಗ. ಕೆಟ್ಟ ಮೈಕ್‌ನಲ್ಲಿ ಹಾಡಿದ್ದೆಲ್ಲ ಶ್ರೇಷ್ಠ, ಚೆನ್ನಾಗಿ ಕೇಳಿಸಿದ್ದೆಲ್ಲ ಮೈಲಿಗೆ ಎಂದಾಯಿತು. ಡಿಮ್ಮು ಬೊರ್ಗಿರ್ ವಾದ್ಯವೃಂದ ಇಟ್ಟುಕೊಂಡು ನುಡಿಸಿದ್ದಕ್ಕೆ ಅದನ್ನು ಪಂಕ್ತಿಯಿಂದ ಎಬ್ಬಿಸಿದರು. ಸ್ಯಾನ್ ಫ್ರಾನ್ಸಿಸ್ಕೊದ ಡೆಫ್‌ಹೆವನ್ ತಂಡದ 2013ರ ಆಲ್ಬಮ್ ಬಗ್ಗೆ ನಡೆದ ಜಗಳಗಳಲ್ಲಿ ಸಂಗೀತದಷ್ಟೇ ಚರ್ಚೆಯಾದದ್ದು ಅದರ ಹೊದಿಕೆಯ ಗುಲಾಬಿ ಬಣ್ಣ.

ಮಡಿಗೆ ಇನ್ನೊಂದು ಆಸರೆ ಅಭಾವ. ಕ್ಯಾಸೆಟ್‌ಗಳನ್ನು ಅಂಚೆಯಲ್ಲಿ ಕಳಿಸಿ, ಪ್ರತಿಯಾಗಿ ಇನ್ನೊಂದು ಕ್ಯಾಸೆಟ್ ಪಡೆಯುವುದು ಆ ಕಾಲದ ವ್ಯವಹಾರ. ಒಂದು ಹಾಡು ಕೇಳಲು ತಿಂಗಳು ಕಾಯುವವನಿಗೆ ಆ ಹಾಡಿನ ಮೇಲೆ ಹಕ್ಕಿನಂಥದ್ದೇನೋ ಹುಟ್ಟುತ್ತದೆ. ಇಂದು ಎಲ್ಲವೂ ಮೊಬೈಲ್‌ನಲ್ಲಿ ಕ್ಷಣಕ್ಕೆ ಸಿಗುವಾಗ ಆ ಹಕ್ಕು ಉಳಿಯುವುದು ಹೇಗೆ? ಅದಕ್ಕೇ ನೂರೇ ಪ್ರತಿಗಳ ಕ್ಯಾಸೆಟ್ ಹೊರತರುವುದು, ಕೈಯಲ್ಲಿ ಸಂಖ್ಯೆ ಬರೆಯುವುದು, ಮರುಮುದ್ರಣ ಬೇಡವೆನ್ನುವುದು. ಅಭಾವವನ್ನು ಈಗ ಕೈಯಾರೆ ತಯಾರಿಸಬೇಕಾಗಿದೆ. ಇಂಗ್ಲಿಷ್‌ನ ‘ಟ್ರೂ’, ‘ಕಲ್ಟ್’ ಪದಗಳಲ್ಲಿ ‘ಯು’ ಅಕ್ಷರದ ಜಾಗದಲ್ಲಿ ‘ವಿ’ ಬರೆದು, ಹಳೆಯ ಲ್ಯಾಟಿನ್ ಶಿಲಾಶಾಸನದಂತೆ ಕಾಣಿಸುವ ಪದ್ಧತಿಯೂ ಇವರಲ್ಲೇ ಹುಟ್ಟಿತು. ಈಗ ಆ ಬರಹವನ್ನು ಗಂಭೀರವಾಗಿ ಬಳಸುವವರಿಗಿಂತ ಅಣಕಕ್ಕೆ ಬಳಸುವವರೇ ಹೆಚ್ಚು.

ಅಭಾವದ ತುತ್ತತುದಿಯಲ್ಲಿ ನಿಂತವರು ಫ್ರಾನ್ಸಿನ ಬ್ರೆಸ್ಟ್ ಸುತ್ತಮುತ್ತಲಿನ ‘ಲೆ ಲೆಜಿಯೋಂ ನ್ವಾರ್’ ಎಂಬ ಬಳಗದವರು. ಮ್ಯೂಟಿಲೇಶನ್, ವ್ಲಾದ್ ಟೆಪೆಸ್, ಬೆಲ್ಕೆತ್ರ್, ಟೊರ್ಗೈಸ್ಟ್ ಮುಂತಾದ ತಂಡಗಳ ಕ್ಯಾಸೆಟ್‌ಗಳು ಬಹಳ ಕಡಿಮೆ ಪ್ರತಿಗಳಲ್ಲಿ, ಬಳಗದೊಳಗೇ ಹಂಚಿಕೆಯಾದವು. ಮಡಿವಂತರ ಪಾಲಿಗೆ ಇದಕ್ಕಿಂತ ಮೇಲಿನ ಪೀಠವಿಲ್ಲ. ಆದರೆ ಆ ತಂಡಗಳ ಒಳಗೆ ಇಣುಕಿದರೆ ಕಾಣುವುದು ಅದೇ ನಾಲ್ಕೈದು ಜನ, ಬೇರೆ ಬೇರೆ ಜೋಡಿಗಳಲ್ಲಿ, ಬೇರೆ ಬೇರೆ ಹೆಸರುಗಳಲ್ಲಿ. ಇಡೀ ಬಳಗವೇ ಒಂದು ಮುಗಿಯದ ಕೂಡಾಟ. ಆದರೂ ಸೂಪರ್‌ಗ್ರೂಪ್ ಎಂಬ ಬೈಗುಳ ಅವರಿಗೆ ತಗಲಲಿಲ್ಲ, ಮೇಹೆಮ್‌ಗೂ ತಗಲಲಿಲ್ಲ. ಅಂದರೆ ಅಭಿಮಾನಿಗಳ ತಕರಾರು ಬೇರೆ ತಂಡದವರು ಕೂಡಿ ನುಡಿಸುವುದರ ಬಗ್ಗೆ ಇರಲೇ ಇಲ್ಲ. ನುಡಿಸುವವರ ಹೆಸರು ಕೇಳುಗನಿಗೆ ಮೊದಲೇ ಗೊತ್ತಿದ್ದರೆ, ಪೋಸ್ಟರ್‌ನಲ್ಲಿ ತಂಡದ ಹೆಸರಿಗಿಂತ ದೊಡ್ಡದಾಗಿ ‘ಇಂಥವರು, ಅಂಥವರು’ ಎಂದು ಅಚ್ಚಾಗಿದ್ದರೆ, ಆಗ ಮೈಲಿಗೆ. ಗೆಳೆತನದಿಂದ ಹುಟ್ಟಿದ್ದು ಸರಿ, ಗಿರಾಕಿಗಾಗಿ ಹುಟ್ಟಿದ್ದು ತಪ್ಪು ಎಂಬುದು ಅವರ ತರ್ಕ. ನನಗೂ ಅದರಲ್ಲಿ ಅರ್ಧ ನ್ಯಾಯ ಕಾಣುತ್ತದೆ. ಯಾವುದು ಯಾವುದರಿಂದ ಹುಟ್ಟಿತು ಎಂದು ಹೊರಗೆ ನಿಂತವರಿಗೆ ಗೊತ್ತಾಗುವುದು ಹೇಗೆ ಎಂಬುದಕ್ಕೆ ಮಾತ್ರ ಉತ್ತರವಿಲ್ಲ.

2006ರಲ್ಲಿ ಬಂದ ‘ಐ’ ಎಂಬ ಒಂದಕ್ಷರದ ತಂಡವನ್ನು ನೋಡಿ. ಇಮ್ಮಾರ್ಟಲ್ 2003ರಲ್ಲಿ ನಿಂತುಹೋಗಿತ್ತು. ಅದರ ಅಬ್ಬಾತ್ ಹಾಡಿ ಗಿಟಾರ್ ನುಡಿಸಿದರು. ತೋಳಿನ ಸ್ನಾಯುರಜ್ಜುಗಳ ಉರಿಯೂತದಿಂದ ಗಿಟಾರ್ ಬಿಟ್ಟಿದ್ದ ಡೆಮೊನಾಜ್ ಸಾಹಿತ್ಯ ಬರೆದರು. ಎನ್‌ಸ್ಲೇವ್ಡ್‌ನ ಐಸ್ ಡೇಲ್, ಗೊರ್ಗೊರೊತ್‌ನ ಕಿಂಗ್, ಇಮ್ಮಾರ್ಟಲ್‌ನ ಹಳೆಯ ಡ್ರಮ್ ವಾದಕ ಆರ್ಮಗೆಡ್ಡ ಜೊತೆಯಾದರು. ದೊಡ್ಡ ಕಂಪನಿ, ದೊಡ್ಡ ಪ್ರಚಾರ. ಮಡಿವಂತರು ನಿರೀಕ್ಷಿಸಿದ್ದು ಹಿಮಬಿರುಗಾಳಿಯನ್ನು. ಬಂದದ್ದು ನಿಧಾನಗತಿಯ, ಎದೆಯುಬ್ಬಿಸುವ ಹೆವಿ ಮೆಟಲ್. ಎರಡು ವರ್ಷದ ಹಿಂದೆ ತೀರಿಕೊಂಡಿದ್ದ ಬಾಥೊರಿಯ ಕ್ವೊರ್ಥನ್‌ನ ನೆರಳು ಅದರ ಮೇಲೆ ದಟ್ಟವಾಗಿತ್ತು. ಇದು ಬ್ಲ್ಯಾಕ್ ಮೆಟಲ್ಲೇ ಅಲ್ಲ ಎಂಬ ದೂರು ಎದ್ದಿತು. ದೂರು ದಿಟವೇ. ಆದರೆ ಐವರು ಸ್ನೇಹಿತರು ತಾವು ಹುಡುಗರಾಗಿದ್ದಾಗ ಕೇಳಿದ ಸಂಗೀತಕ್ಕೆ ಸಲ್ಲಿಸಿದ ಋಣದಂತಿರುವ ಆ ಆಲ್ಬಮ್, ಅವರವರ ಮೂಲ ತಂಡಗಳು ಆ ವರ್ಷಗಳಲ್ಲಿ ತಂದ ಕೆಲವು ಆಲ್ಬಮ್‌ಗಳಿಗಿಂತ ಜೀವಂತವಾಗಿದೆ ಎಂಬುದು ನನ್ನ ಎಣಿಕೆ.

ಅಮೆರಿಕದ ‘ಟ್ವೈಲೈಟ್’ ತಂಡದ ಕಥೆ ಇನ್ನೂ ವಿಚಿತ್ರ. ಅಮೆರಿಕದಲ್ಲಿ ಈ ಸಂಗೀತ ಬೆಳೆದದ್ದೇ ಒಂಟಿ ಕೋಣೆಗಳಲ್ಲಿ. ಲೆವಾಯಥನ್ ಎಂದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ರೆಸ್ಟ್ ಎಂಬ ಒಬ್ಬನೇ; ಝಾಸ್ತರ್ ಎಂದರೆ ಕ್ಯಾಲಿಫೋರ್ನಿಯದ ಮಲೆಫಿಕ್ ಒಬ್ಬನೇ; ಡ್ರೌಗರ್ ಕೂಡ ಒಬ್ಬನದೇ. ವಾದ್ಯಗಳೆಲ್ಲ ಅವರದೇ, ಮುದ್ರಣವೂ ಅವರದೇ, ವೇದಿಕೆಯ ಗೊಡವೆಯೇ ಇಲ್ಲ. ಈ ಮೂವರ ಜೊತೆ ನಾಖ್ಟ್‌ಮಿಸ್ಟಿಯಂನ ಬ್ಲೇಕ್ ಜಡ್, ಕ್ರೀಗ್‌ನ ನೀಲ್ ಜೇಮ್ಸನ್ ಸೇರಿ 2005ರಲ್ಲಿ ಒಂದು ಆಲ್ಬಮ್ ತಂದರು. ಸನ್ಯಾಸಿಗಳು ಸಹಕಾರ ಸಂಘ ಕಟ್ಟಿದಂತಾಯಿತು. 2010ರ ಎರಡನೇ ಆಲ್ಬಮ್ ಹೊತ್ತಿಗೆ ಮಲೆಫಿಕ್ ಇರಲಿಲ್ಲ. ಐಸಿಸ್ ಎಂಬ ತಂಡದ ಆರನ್ ಟರ್ನರ್, ಧ್ವನಿಮುದ್ರಕ ಸ್ಯಾನ್‌ಫರ್ಡ್ ಪಾರ್ಕರ್ ಮೊದಲಾದವರು ಬಂದಿದ್ದರು. 2014ರ ಮೂರನೆಯ ಹಾಗೂ ಕೊನೆಯ ಆಲ್ಬಮ್‌ನಲ್ಲಿ ಗಿಟಾರ್ ಹಿಡಿದವರಲ್ಲಿ ಸೋನಿಕ್ ಯೂತ್‌ನ ಥರ್ಸ್ಟನ್ ಮೂರ್ ಕೂಡ ಇದ್ದರು. ನ್ಯೂಯಾರ್ಕಿನ ಕಲಾವಲಯದ ಈ ಹಿರಿಯರ ಹೆಸರು ಕೇಳಿದಾಕ್ಷಣ ಮಡಿವಂತರು ಮೂಗು ಮುಚ್ಚಿಕೊಂಡರು. ಮೂರು ಆಲ್ಬಮ್‌ಗಳನ್ನು ಸಾಲಾಗಿ ಕೇಳಿದರೆ ಒಂಟಿಕೋಣೆಯ ಉಸಿರುಗಟ್ಟಿನಿಂದ ಊರಿನ ಗದ್ದಲದವರೆಗೆ ಸಾಗಿದ ದಾರಿ ಕಾಣುತ್ತದೆ. ಹಿಡಿಸಬೇಕೆಂದೇನಿಲ್ಲ. ನನಗೆ ಎರಡನೆಯದು ಹಿಡಿಸಿತು, ಮೂರನೆಯದು ಅಷ್ಟಾಗಿ ಅಲ್ಲ.

ಈ ಹೆಸರುಗಳ ಬೆಲೆ ಎಷ್ಟೆಂಬುದನ್ನು ನ್ಯಾಯಾಲಯವೂ ಒಮ್ಮೆ ತೂಗಬೇಕಾಯಿತು. 2007ರಲ್ಲಿ ಗೊರ್ಗೊರೊತ್‌ನ ಗಾಯಕ ಗಾಲ್ ಮತ್ತು ಬಾಸ್ ವಾದಕ ಕಿಂಗ್ ಸೇರಿ, ತಂಡ ಕಟ್ಟಿದ ಇನ್ಫರ್ನಸ್‌ನನ್ನೇ ಹೊರಗಟ್ಟಿ ಹೆಸರನ್ನು ತಮ್ಮ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದರು. ಸೈತಾನನ ಸೈನಿಕರು ವಕೀಲರ ಕಚೇರಿಗೆ ಅಲೆದರು. 2009ರಲ್ಲಿ ಓಸ್ಲೋ ನ್ಯಾಯಾಲಯ ಹೆಸರು ಇನ್ಫರ್ನಸ್‌ನದೇ ಎಂದಿತು. ಹೊರಬಿದ್ದವರು ‘ಗಾಡ್ ಸೀಡ್’ ಎಂಬ ಹೆಸರಿಟ್ಟುಕೊಂಡರು. ಗಾಲ್ ಕೆಲಕಾಲ ದೂರ ಸರಿದಾಗ ಕಿಂಗ್ ತನ್ನ ಬಳಿಯಿದ್ದ ಹಾಡುಗಳನ್ನು ಡಿಮ್ಮು ಬೊರ್ಗಿರ್‌ನ ಶಾಗ್ರತ್ ಬಾಯಲ್ಲಿ ಹಾಡಿಸಿ 2010ರಲ್ಲಿ ‘ಓವ್ ಹೆಲ್’ ಎಂಬ ಇನ್ನೊಂದು ಕೂಡಾಟ ತಂದ. ಡ್ರಮ್ ಪೀಠದಲ್ಲಿ ಯಾರಿದ್ದರು ಎಂದು ಊಹಿಸಬಲ್ಲಿರಿ: ಫ್ರಾಸ್ಟ್.

ಭಾಷೆಯ ವಿಷಯದಲ್ಲೂ ಮಡಿ ಇದೆ. ಉಲ್ವರ್ ಹಳೆಯ ಕಾಲದ ಡೇನಿಷ್ ಛಾಯೆಯ ನಾರ್ವೇಜಿಯನ್‌ನಲ್ಲಿ ಹಾಡಿತು. ನಾರ್ವೆಯವರಿಗೆ ಅದು ಅಜ್ಜಿಯ ಮಾತು. ಹೊರಗಿನ ಅಭಿಮಾನಿಗೆ ಅದು ಮಂತ್ರ. ಇಲ್ಲೊಂದು ನಮ್ಮೂರಿನ ನೆನಪು: ಬೆಂಗಳೂರಿನ ‘ದ್ವೇಷ’ ಎಂಬ ತಂಡ 2014ರಲ್ಲಿ ‘ಸ್ತೂಪ’ ಎಂಬ ಆಲ್ಬಮ್‌ನಲ್ಲಿ ಕನ್ನಡದಲ್ಲೇ ಡೆತ್ ಮೆಟಲ್ ಹಾಡಿತು. ಯುರೋಪಿನ ಕೇಳುಗನೊಬ್ಬನಿಗೆ ನಮ್ಮ ಕನ್ನಡವೂ ಅಂಥದ್ದೇ ಗೂಢಭಾಷೆಯಾಗಿ ಕೇಳಿಸಿರಬೇಕು. ಆ ಗೊಗ್ಗರು ಗರ್ಜನೆಯಲ್ಲಿ ನಮಗೂ ಪದಗಳು ತಿಳಿಯುವುದು ಅಷ್ಟಕ್ಕಷ್ಟೆ ಎಂಬುದು ಬೇರೆ ಮಾತು.

ಇಲ್ಲಿಯವರೆಗೆ ನಗುತ್ತ ಬಂದದ್ದಾಯಿತು. ಶುದ್ಧಿಯ ಮಾತು ಸದ್ದಿನಲ್ಲೇ ನಿಲ್ಲಲಿಲ್ಲ, ರಕ್ತಕ್ಕೂ ಬಂತು. ‘ಟ್ರಾನ್ಸಿಲ್ವೇನಿಯನ್ ಹಂಗರ್’ನ ಹಿಂಬದಿಯಲ್ಲಿ ಇದು ಆರ್ಯ ನಾರ್ವೇಜಿಯನ್ ಬ್ಲ್ಯಾಕ್ ಮೆಟಲ್ ಎಂಬರ್ಥದ ಸಾಲು ಅಚ್ಚಾಗಿತ್ತು. ಪ್ರತಿಭಟನೆ ಎದ್ದ ಮೇಲೆ ತಂಡ ಕ್ಷಮೆ ಕೇಳಿತು, ಮುಂದಿನ ಮುದ್ರಣಗಳಿಂದ ಆ ಸಾಲು ಹೋಯಿತು. ಆದರೆ ಅದೇ ಆಲ್ಬಮ್‌ನ ಕೆಲವು ಹಾಡುಗಳ ಸಾಹಿತ್ಯ ವೀಕರ್ನೆಸ್‌ನದು; ಆತನ ಜನಾಂಗವಾದ ಜೈಲಿನಲ್ಲಿ ಇನ್ನಷ್ಟು ಗಟ್ಟಿಯಾಯಿತು. ಝೈಕ್ಲಾನ್-ಬಿ ಎಂಬ ಹೆಸರು ಗಳಿಗೆಯ ಹುಡುಗಾಟವೆಂದು ತಳ್ಳಿಹಾಕಿದವರ ಕಣ್ಣೆದುರೇ ನವನಾತ್ಸಿ ಬ್ಲ್ಯಾಕ್ ಮೆಟಲ್ ಎಂಬ ಉಪಶಾಖೆಯೇ ಯುರೋಪಿನಲ್ಲಿ ಬೇರುಬಿಟ್ಟಿತು. ಯಾರು ಒಳಗೆ, ಯಾರು ಹೊರಗೆ ಎಂದು ದಿನವಿಡೀ ಎಣಿಸುವ ಅಭ್ಯಾಸ ಇದ್ದವರಿಗೆ ಆ ಹೆಜ್ಜೆ ದೊಡ್ಡದೆನಿಸಲಿಲ್ಲ. ವಿಚಿತ್ರವೆಂದರೆ ಗುಲಾಬಿ ಹೊದಿಕೆಗೆ ಕುದಿದಷ್ಟು ಜೋರಾಗಿ ಎಷ್ಟೋ ಮಡಿವಂತರು ಇದಕ್ಕೆ ಕುದಿಯಲಿಲ್ಲ. ಸಂಗೀತ ಬೇರೆ, ರಾಜಕೀಯ ಬೇರೆ ಎಂದರು. ಗೊರ್ಗೊರೊತ್‌ನ ಗಾಲ್, ಈ ಲೋಕದಲ್ಲೇ ಎಲ್ಲರೂ ಹೆದರುತ್ತಿದ್ದ ಗಾಯಕ, 2008ರಲ್ಲಿ ತಾನು ಸಲಿಂಗಿ ಎಂದು ಹೇಳಿಕೊಂಡ. ಒಬ್ಬ ಸಲಿಂಗಿಯನ್ನು ಕೊಂದವನನ್ನು ವೀರನೆಂದು ಕೊಂಡಾಡಿದ್ದ ಜನರೂ ಇದ್ದ ಲೋಕವದು. ಅವರಲ್ಲಿ ಹಲವರು ಆ ಸುದ್ದಿಯನ್ನು ಕೇಳಿಯೂ ಕೇಳದಂತೆ ಗಾಲ್‌ನ ಹಾಡುಗಳನ್ನು ಕೇಳುತ್ತಲೇ ಹೋದರು.

ಮಡಿವಂತರ ಪರವಾಗಿಯೂ ಒಂದು ಮಾತು ಹೇಳಬೇಕು. ಮರೆತುಹೋಗಬಹುದಾಗಿದ್ದ ನೂರಾರು ಕ್ಯಾಸೆಟ್‌ಗಳನ್ನು ಜೋಪಾನ ಮಾಡಿದವರು ಅವರೇ. ಯಾವ ಆಲ್ಬಮ್‌ನಲ್ಲಿ ಯಾರು ನುಡಿಸಿದರು, ಯಾವ ಮುದ್ರಣದಲ್ಲಿ ಯಾವ ಸಾಲು ತೆಗೆದುಹಾಕಲಾಯಿತು ಎಂಬುದೆಲ್ಲ ಇಂದು ಗೊತ್ತಿರುವುದು ಅವರ ಹಟದಿಂದ. ಹಿಂದುಸ್ತಾನಿ ಘರಾಣೆಯ ಹಳೆಯ ಕೇಳುಗರೂ ಹೀಗೆಯೇ, ಹೊಸ ಗಾಯಕನ ಒಂದು ತಾನ್ ಕೇಳಿ ಮುಖ ಸಿಂಡರಿಸುತ್ತಾರೆ. ಆದರೆ ಮನೆಯ ಟ್ರಂಕಿನಲ್ಲಿ ಯಾರಲ್ಲೂ ಇಲ್ಲದ ಧ್ವನಿಮುದ್ರಣ ಇಟ್ಟುಕೊಂಡಿರುತ್ತಾರೆ.

ಇತ್ತ ಮೂಲಪುರುಷರು ಮಡಿಯನ್ನು ಯಾವತ್ತೋ ಕಳಚಿಟ್ಟಿದ್ದಾರೆ. ನಾರ್ವೆಯ ಸಂವಿಧಾನಕ್ಕೆ 200 ವರ್ಷ ತುಂಬಿದ 2014ರಲ್ಲಿ ಆ ಸಂಭ್ರಮಕ್ಕಾಗಿ ಸಂಗೀತ ರಚಿಸಿಕೊಡಿ ಎಂದು ಕೇಳಿದ್ದು ಎನ್‌ಸ್ಲೇವ್ಡ್‌ನ ಈವಾರ್ ಬ್ಯೋರ್ನ್ಸನ್‌ರನ್ನು ಮತ್ತು ಒಂದು ಕಾಲಕ್ಕೆ ಗೊರ್ಗೊರೊತ್‌ನಲ್ಲಿ ಡ್ರಮ್ ನುಡಿಸಿದ್ದ ಐನಾರ್ ಸೆಲ್ವಿಕ್‌ರನ್ನು. ಅವರು ಕಟ್ಟಿದ ‘ಸ್ಕುಗ್‌ಶೋ’ ಕೂಡ ಒಂದು ಕೂಡಾಟವೇ. ಡಾರ್ಕ್‌ಥ್ರೋನ್‌ನ ಫೆನ್ರಿಜ್ ತನ್ನೂರಿನ ಸ್ಥಳೀಯ ಸಭೆಯ ಬದಲಿ ಸದಸ್ಯನಾಗಿ ಆಯ್ಕೆಯಾದ ಸುದ್ದಿ 2016ರಲ್ಲಿ ಜಗತ್ತಿನೆಲ್ಲೆಡೆ ಹರಿದಾಡಿತು. ದಯವಿಟ್ಟು ನನಗೆ ಮತ ಹಾಕಬೇಡಿ ಎಂಬ ಮನವಿಯೊಂದಿಗೆ ಬೆಕ್ಕನ್ನು ಎತ್ತಿಕೊಂಡ ತನ್ನ ಚಿತ್ರವೇ ಆತನ ಪ್ರಚಾರವಾಗಿತ್ತು. ಜನ ಮಾತು ಕೇಳಲಿಲ್ಲ.

2015ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ನಾರ್ಶೋಪಿಂಗ್‌ನಲ್ಲಿ ಮೇಹೆಮ್ ಆ 1994ರ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ವೇದಿಕೆಯಲ್ಲಿ ನುಡಿಸಿತು. ಮೂಲ ಧ್ವನಿಮುದ್ರಣದಲ್ಲಿದ್ದವರಲ್ಲಿ ಅಂದು ವೇದಿಕೆಯ ಮೇಲಿದ್ದವರು ಇಬ್ಬರೇ, ಹಾಡುವ ಅಟಿಲಾ ಮತ್ತು ಡ್ರಮ್‌ನ ಹೆಲ್‌ಹ್ಯಾಮರ್. ಗಿಟಾರ್‌ಗಳು ಆ ಮೇಲಿನ ತಲೆಮಾರಿನವರ ಕೈಯಲ್ಲಿದ್ದವು. ಕೊಲೆಗಾರನ ಬಾಸ್ ಭಾಗವನ್ನು ನುಡಿಸಿದವರು, ಡೆಡ್ ಸತ್ತ ಮೇಲೆ ಯೂರೋನಿಮಸ್ ಮೇಲಿನ ಸಿಟ್ಟಿನಿಂದ ತಂಡ ಬಿಟ್ಟು ಹೋಗಿ, ಆತನೂ ಸತ್ತ ಮೇಲೆ ಮರಳಿ ಬಂದ ನೆಕ್ರೊಬುಚರ್. ಇದು ‘ಟ್ರೂ’ ಮೇಹೆಮ್ ಹೌದೋ ಅಲ್ಲವೋ ಎಂಬ ವಾದ ಅಭಿಮಾನಿಗಳ ನಡುವೆ ಇನ್ನೂ ನಡೆಯುತ್ತಿದೆ.